ಬುಟ್ಟಿಯ ಭಾರ

ಮೊದಲ ಸಲ ನನ್ನ ಮೀನುಗಾರ್ತಿ ನಡೆದದ್ದು
ನೆಲಕ್ಕಿಂತ ಎರಡು ಬೆರಳು ಮೇಲೆ.
ಕಾಲು ಆಡುತ್ತಿತ್ತು, ಹೆಜ್ಜೆ ಊರುತ್ತಿರಲಿಲ್ಲ;
ಎಣ್ಣೆ ಚೆಲ್ಲಿದ ಗಚ್ಚಿನ ಮೇಲೆ ಯಾರೋ ನೂಕಿದ ಹಾಗೆ
ಪರದೆಯ ಈ ತುದಿಯಿಂದ ಆ ತುದಿಗೆ
ಕಣ್ಣು ಮಿಟುಕಿಸದೆ, ನಗುನಗುತ್ತಾ ಜಾರಿಹೋದಳು.
ತಲೆ ಮೇಲಿನ ಬುಟ್ಟಿ ಹಪ್ಪಳದಷ್ಟು ಹಗುರ.

ಆಧಾರ್ ಜೆರಾಕ್ಸಿಗೆ ಬಂದ ಬಾಯ್ನಾದ ಹುಡುಗ
ಕೌಂಟರಿನ ಮೇಲಿಂದ ಇಣುಕಿ ಕೇಳಿದ:
'ಅಕ್ಕಾರ, ಈಕಿ ದೆವ್ವ ಏನ್ರಿ?'

ಹಗಲು ಜೆರಾಕ್ಸು, ಲ್ಯಾಮಿನೇಶನ್ನು, ಪಾಸ್‌ಪೋರ್ಟ್ ಫೋಟೊ.
ಶಟರ್ ಅರ್ಧ ಎಳೆದ ಮೇಲೆ ಇವಳು.
ಹಳೇ ಕಂಪ್ಯೂಟರು, ಬಿಟ್ಟಿ ಸಿಕ್ಕ ತಂತ್ರಾಂಶ,
ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ,
ಚಿತ್ರಕ್ಕೆ ನಾಲ್ಕು ನಿಮಿಷ:
ಅವಳು ಒಂದು ಸೆಕೆಂಡು ಬದುಕಬೇಕಾದರೆ
ನಾನು ಒಂದೂವರೆ ಗಂಟೆ ಆಕಳಿಸಬೇಕು.

ಚೆಂದ ಮಾಡಲು ಏನೇನು ಮಾಡಲಿಲ್ಲ!
ಸೀರೆಗೆ ನಿರಿಗೆ, ನಿರಿಗೆಗೆ ನೆರಳು,
ಮೀನಿನ ಒಂದೊಂದು ಹುರುಪೆಗೂ ಮಿಂಚು,
ಹಿಂದೆ ಬಂದರಿನ ಕ್ರೇನು, ಹಡಗು, ಹಡಗಿಗೆ ಹೊಗೆ.
ಕಂಪ್ಯೂಟರು ಕಾದು ಗೊರಕೆ ಹೊಡೆಯಿತು.
ಬೆಳಗಾದರೆ ಮತ್ತೆ ಜಾರಿದಳು,
ಹೊಸ ಸೀರೆ ಉಟ್ಟ ಅದೇ ದೆವ್ವ.

ತಂತ್ರಾಂಶಕ್ಕೆ ಗೊತ್ತಿರುವುದು ಇಲ್ಲಿಂದ ಅಲ್ಲಿಗೆ, ಅಷ್ಟೇ.
ಎರಡು ಗೂಟ ಹೊಡೆದುಕೊಟ್ಟರೆ
ನಡುವೆ ಹಗ್ಗ ತಾನೇ ಎಳೆಯುತ್ತದೆ, ಸಮಸಮ,
ಮೈದಾನಕ್ಕೆ ಬಳಿದ ಸುಣ್ಣದ ಗೆರೆಯ ಹಾಗೆ.
ಮೈಯಲ್ಲಿ ಸಮ ಎಂಬುದು ಎಲ್ಲಿದೆ?

ವಾಸ್ಕೋ ಮಾರುಕಟ್ಟೆಯ ಬಾಗಿಲಲ್ಲಿ
ಹತ್ತು ವರ್ಷದಿಂದ ಎಸ್ಪೆರಾನ್ಸಾಳ ಹತ್ತಿರ ಬಂಗುಡೆ ಕೊಂಡಿದ್ದೇನೆ,
ಕಣ್ಣೆಲ್ಲ ಬಂಗುಡೆಯ ಕಿವಿರಿನ ಮೇಲೆ.
ಆ ದಿನ ಅವಳನ್ನು ನೋಡುತ್ತಾ ನಿಂತೆ.

ಎತ್ತುವ ಮೊದಲು ಅವಳು ಎತ್ತಲಿಲ್ಲ.
ಕುಕ್ಕರಿಸಿದಳು. ಇನ್ನೂ ಒಂಚೂರು ಕುಸಿದಳು.
ಮೊದಲು ಎದ್ದದ್ದು ಕಣ್ಣು,
ಆಮೇಲೆ ಗದ್ದ, ಆಮೇಲೆ ಹೆಗಲು;
ಸೊಂಟ ಒಪ್ಪಲೋ ಬೇಡವೋ ಎಂದು ಒಂದು ಗಳಿಗೆ ತಡೆದು
ಒಪ್ಪಿತು.
ಅವಳು ನಿಂತ ಮೇಲೂ ಬುಟ್ಟಿ ಏಳುತ್ತಲೇ ಇತ್ತು,
ತುದಿಯಲ್ಲಿ ತುಸು ತೂಗಿ, ಆಮೇಲೆ ಕೂತಿತು.
ಐಸಿನ ನೀರು ಕಿವಿಯ ಹಿಂದಿನಿಂದ ಇಳಿದು
ಕುಪ್ಪಸದೊಳಗೆ ಹೋಯಿತು. ಆಗ ಒಮ್ಮೆ ಕಣ್ಣು ಮಿಟುಕಿತು.

'ಇನ್ನೊಂದು ಸಲ ಎತ್ತು' ಅಂದೆ.
'ತಲೆ ಸರಿ ಇದೆಯೇನೇ? ಕೊಳ್ಳುವುದಿದ್ದರೆ ಕೊಳ್ಳು'
ಎಂದಳು ಕೊಂಕಣಿಯಲ್ಲಿ.
ಅರ್ಧ ಕಿಲೋ ತಾರ್ಲೆಗೆ ಒಂದು ಸಲ ಎತ್ತಿದಳು.
ಒಂದು ವಾರ ಮನೆಯಲ್ಲಿ ತಾರ್ಲೆಯೋ ತಾರ್ಲೆ.

ಕಡಲು ಅಳಿಸಿದೆ. ಕ್ರೇನು ಅಳಿಸಿದೆ.
ಸೀರೆ, ಮೂಗುತಿ, ನಗು ಎಲ್ಲ ತೆಗೆದು
ಬೂದು ಬಣ್ಣದ ಮೂರು ಡಬ್ಬಿ, ಎರಡು ಕೋಲು ಉಳಿಸಿದೆ.
ಐದು ರೀಮು ಕಾಗದ ತಲೆ ಮೇಲಿಟ್ಟು
ಫೋನಿನ ಮುಂದೆ ನಾನೇ ಎದ್ದೆ, ನಾನೇ ಎಣಿಸಿದೆ:
ಕುಸಿಯಲು ಒಂಬತ್ತು ಚಿತ್ರ,
ತಡೆಯಲು ಐದು, ಏಳಲು ಹದಿನಾರು,
ಏಳುವಾಗಲೂ ಮೊದಲ ಆರು ಬಲು ಜಿಪುಣ.
ಮೂರನೇ ರಾತ್ರಿ ಕತ್ತು ಉಳುಕಿತು.
ಒಳ್ಳೆಯದೇ ಆಯಿತು,
ಕತ್ತಿಗೊಂದು ಕೀಲು ಇಡುವುದನ್ನೇ ಮರೆತಿದ್ದೆ.

ಆ ಹುಡುಗ ಮತ್ತೆ ಬಂದ, ರೇಷನ್ ಕಾರ್ಡಿನ ಜೊತೆ.
ಪರದೆಯ ಮೇಲೆ ಡಬ್ಬಿ ಕೂತಿತು, ಕುಸಿಯಿತು, ತಡೆಯಿತು,
ಎದ್ದಿತು. ಎಡಗಾಲು ಊರಿ, ಆಮೇಲೆ ಬಲಗಾಲು ಬಿಡಿಸಿಕೊಂಡಿತು.
ಅವನು ಚಿಲ್ಲರೆ ಇಸಿದುಕೊಳ್ಳದೆ ನೋಡಿದ.
'ಪಾಪ... ಏನೈತ್ರಿ ಬುಟ್ಟ್ಯಾಗ?'

ಬುಟ್ಟಿ ಇನ್ನೂ ಬುಟ್ಟಿಯಾಗಿರಲಿಲ್ಲ,
ಬರೀ ಒಂದು ಬೂದು ಚೌಕ.

ಇನ್ನೂರ ಹದಿನೇಳನೆಯ ಚಿತ್ರದಲ್ಲಿ
ಬಲ ಹಿಮ್ಮಡಿ ಈಗಲೂ ಒಂದು ಎಳೆ ಜಾರುತ್ತದೆ.
ಅವನಿಗೆ ಕಾಣಲಿಲ್ಲ.
ಎರಡು ರೂಪಾಯಿ ಅವನ ಕೈಗಿಟ್ಟು
ಇವತ್ತು ಸ್ವಲ್ಪ ಬೇಗ ಶಟರ್ ಎಳೆದೆ.